ಅಣ್ಣನ ಎಡ ಭುಜ

“ನಿನ್ನನ್ನ ಕೈ ಬಿಟ್ಟಿದಾರೆ ಕಣೇ! ರೆಕಾರ್ಡಿಂಗ್‌ನಿಂದ! ನಿಮ್ಮಣ್ಣ! ಬೇಸ್ ನುಡಿಸೋಕೆ ಬೇರೆ ಯಾರನ್ನೋ ಕರೆಸಿದಾರೆ. ನಾನು ಹೇಳಿದ್ದು ಅಂತ ಮಾತ್ರ ಬಾಯಿ ಬಿಡಬೇಡ.”

ಅತ್ತಿಗೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು. ಅತ್ತಿಗೆಯ ಪಿಸುಮಾತೆಂದರೆ ಪಕ್ಕದ ಮನೆಯವರು ಟಿವಿ ದನಿ ತಗ್ಗಿಸಿ ಕೂತು ಕೇಳುವಂಥದ್ದು. ಈ ತುದಿಯಲ್ಲಿ, ಎಲ್ಲರೂ ಕಂಬ ಎಂದು ಕರೆಯುವ ನಾದಿನಿ ಆ ಸುದ್ದಿಯನ್ನು ಕೇಳಿದ್ದು ಲಿಫ್ಟಿನ ಬಾಗಿಲಲ್ಲಿ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ತನಗಿಂತ ಎತ್ತರದ, ದೈತ್ಯ ಪಿಟೀಲಿನಂಥ ಡಬಲ್ ಬೇಸನ್ನು ತಬ್ಬಿಕೊಂಡು. ಬಾಗಿಲು ಮುಚ್ಚಿಕೊಳ್ಳಲು ಬರುತ್ತಿತ್ತು, ಬೇಸಿನ ಹೊಟ್ಟೆಗೆ ಬಡಿದು ಬೆಚ್ಚಿ ಹಿಂದೆ ಸರಿಯುತ್ತಿತ್ತು, ಬುದ್ಧಿ ಬಾರದೆ ಮತ್ತೆ ಬರುತ್ತಿತ್ತು.

“ಏನಂದ್ರಿ ಅತ್ತಿಗೆ? ಇನ್ನೊಂದ್ಸಲ ಹೇಳಿ.”

“ನೀನು ಅವಸರ ಮಾಡ್ತೀಯಂತೆ.”

“ಯಾರು, ನಾನಾ?”

“ಹೌದಂತೆ. ‘ಸಂಜೆ ಬಸ್ಸು’ ನುಡಿಸುವಾಗ ನಡುವೆ ಒಂದು ಕಡೆ ಎಲ್ಲರಿಗಿಂತ ಮುಂಚೆ ಹಾರಿಬಿಡ್ತೀಯಂತೆ. ಹೋಟೆಲ್ ಕಾರ್ಯಕ್ರಮದ ರೆಕಾರ್ಡಿಂಗ್ ಕೇಳಿ ಆಲ್ಬಮ್ ಕಂಪನಿಯೋರು ಹೇಳಿದ್ರಂತೆ. ಇವರೂ ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರು. ಕೇಳಿ ಏನಂದ್ರು ಗೊತ್ತಾ? ‘ಅಯ್ಯೋ ಪಾಪ, ಇಷ್ಟು ವರ್ಷ ನಾನೇ ಅವಳನ್ನ ಸಂಭಾಳಿಸ್ಕೊಂಡು ಬಂದಿದೀನಿ’ ಅಂದ್ರು.”

ನಾದಿನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಲಿಫ್ಟಿನ ಬಾಗಿಲು ಮತ್ತೊಮ್ಮೆ ಬಂದು ಬಡಿಯಿತು. “ಏಯ್, ಸುಮ್ನಿರ್ತೀಯಾ ಇಲ್ವಾ!” ಎಂದು ಅದನ್ನೇ ಗದರಿದಳು.

“ನನಗೆ ಯಾಕೆ ಬೈತೀಯ?” ಎಂದಳು ಅತ್ತಿಗೆ.

“ನಿಮಗಲ್ಲ ಅತ್ತಿಗೆ, ಬಾಗಿಲಿಗೆ.”

ಅಷ್ಟರಲ್ಲಿ ಲೈನು ಕಟ್ಟಾಯಿತು. ತಕ್ಷಣ ಅಣ್ಣನಿಗೇ ಫೋನ್ ಹಚ್ಚಿ ಎರಡು ಮಾತು ಬಿಸಿಬಿಸಿಯಾಗಿ ಆಡೋಣವೆಂದರೆ, ಫೋನು ಅವಳ ಬೆರಳಚ್ಚನ್ನು ಒಪ್ಪಲಿಲ್ಲ. ಎಂದೂ ಒಪ್ಪುತ್ತಿರಲಿಲ್ಲ. ದಪ್ಪ ತಂತಿಗಳನ್ನು ಒತ್ತಿ ಒತ್ತಿ ಅವಳ ಎಡಗೈ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಬಲಗೈ ತೋರುಬೆರಳಿನ ಪಕ್ಕದಲ್ಲಿ ಹಳೇ ಚಪ್ಪಲಿಯ ಅಟ್ಟೆಯಂಥ ಗಂಟು. ಕಿರುಬೆರಳು ಒತ್ತಿದಳು. ಫೋನು ಅದನ್ನೂ ಗುರುತು ಹಿಡಿಯಲಿಲ್ಲ. ಸರಿ, ಎದುರಿಗೇ ಹೋಗಿ ಆಡುತ್ತೇನೆ ಎಂದು ಬೇಸನ್ನು ಲಿಫ್ಟಿನಿಂದ ಎಳೆದುಕೊಂಡು ರಸ್ತೆಗಿಳಿದಳು.

ಕಂಬ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ವೇದಿಕೆಯ ಮೇಲೆ ಅಲ್ಲಾಡದೆ ನಿಲ್ಲುತ್ತಾಳೆ ಎಂದು ಡ್ರಮ್ಮು ಬಾರಿಸುವವನು ಇಟ್ಟದ್ದು. ಶಾಲೆಯ ಸಂಗೀತದ ಕೋಣೆಯಲ್ಲಿ ಎಲ್ಲರೂ ಪಿಟೀಲಿಗೆ ಮುಗಿಬಿದ್ದಾಗ ಸಂಗೀತದ ಟೀಚರು ಇವಳನ್ನು ಮೇಲಿಂದ ಕೆಳಗೆ ನೋಡಿ, “ನೀನು ಉದ್ದ ಇದೀಯ, ಆ ಮೂಲೆಯಲ್ಲಿರೋದನ್ನ ಹಿಡ್ಕೋ” ಎಂದಿದ್ದರು. ಮೂಲೆಯಲ್ಲಿದ್ದದ್ದನ್ನು ಹಿಡಿದುಕೊಂಡವಳು ಮತ್ತೆ ಬಿಡಲೇ ಇಲ್ಲ. “ಹೆಣ್ಮಗು ಬೀರು ಹೊತ್ಕೊಂಡು ಓಡಾಡ್ತಿದೆಯಲ್ಲಪ್ಪಾ” ಎಂದು ಅಮ್ಮ ಅತ್ತದ್ದೂ ಆಯಿತು, ನಕ್ಕದ್ದೂ ಆಯಿತು. ಪಕ್ಕದ ಕೋಣೆಯಲ್ಲಿ ಪಿಯಾನೊ ಕುಟ್ಟುತ್ತಿದ್ದ ಅಣ್ಣ ಮಾತ್ರ ಕುಣಿದಾಡಿದ. “ನೀನು ಕೆಳಗೆ ಹಿಡ್ಕೋ, ಮೇಲಿಂದೆಲ್ಲ ನಾನು ನೋಡ್ಕೋತೀನಿ” ಎಂದ. ಅಂದಿನಿಂದ ಅವಳ ಬದುಕು ಕೆಳಗೆ ಹಿಡಿದುಕೊಳ್ಳುವುದೇ.

ಎಲ್ಲೆಲ್ಲಿ ಹಿಡಿದಿದ್ದಳು! ಊಟದ ಚಮಚಗಳ ಸದ್ದಿನಲ್ಲಿ ಜಾಝ್ ಮುಳುಗಿಹೋಗುವ ಹೋಟೆಲುಗಳಲ್ಲಿ, ಅಲೆ ಬಂದಾಗಲೆಲ್ಲ ಬೇಸು ಪ್ರಯಾಣಿಕರ ಕಡೆಗೆ ನಡೆದುಹೋಗುತ್ತಿದ್ದ ಹಡಗಿನಲ್ಲಿ, ನೆಲಮಾಳಿಗೆಯ ಒಂದು ಕ್ಲಬ್ಬಿನಲ್ಲಿ. ಆ ಕ್ಲಬ್ಬು ಈಗ ಜಿಮ್ ಆಗಿದೆ. “ಇದರೊಳಗೆ ಯಾರನ್ನಾದ್ರೂ ಅಡಗಿಸಿಟ್ಟಿದೀರಾ?” ಎಂದು ಕೇಳದ ಟ್ಯಾಕ್ಸಿಯವನು ಇನ್ನೂ ಹುಟ್ಟಬೇಕು. ಮನೆಯ ಕಾರಿನಲ್ಲಿ ಮುಂದಿನ ಸೀಟು ಬೇಸ್‌ಗೆ. ಮದುವೆಯಾದಂದಿನಿಂದ ಗಂಡ ಹಿಂದಿನ ಸೀಟಿನಲ್ಲಿ, ಬೇಸಿನ ಕತ್ತಿಗೆ ತಲೆ ತಾಗದಂತೆ ವಾಲಿಕೊಂಡು ಕೂರುತ್ತಾನೆ. ಕಾರ್ಯಕ್ರಮ ಮುಗಿದ ಮೇಲೆ ಜನ ಅವಳ ಕೈ ಕುಲುಕಿ, “ಪಿಯಾನೊ ಏನು ಚೆನ್ನಾಗಿತ್ತು ರೀ, ಅವರಿಗೆ ಹೇಳ್ಬಿಡಿ” ಎನ್ನುತ್ತಾರೆ. ಅವಳು ಹೇಳಿಬಿಡುತ್ತಾಳೆ. ಅಣ್ಣ “ಹೌದಾ?” ಎಂದು ಹಲ್ಲು ಬಿಡುತ್ತಾನೆ.

ಇದನ್ನೆಲ್ಲ ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು. ಆದರೆ ‘ಸಂಜೆ ಬಸ್ಸು’ ಬೇರೆ. ಟ್ಯೂನು ಅಣ್ಣನದೇ, ಒಪ್ಪೋಣ. ಆದರೆ ಅದು ಶುರುವಾಗುವುದು ಬೇಸಿನಿಂದ, ಒಂಟಿ ಬೇಸಿನಿಂದ. ಖಾಲಿ ರಸ್ತೆಯಲ್ಲಿ ಬಸ್ಸೊಂದು ದೂರದಿಂದ ಗುರುಗುಟ್ಟುತ್ತ ಬರುವಂಥ ಆ ಸಾಲನ್ನು ಕಟ್ಟಿದವಳು ಅವಳು. ಇಡೀ ಜನ್ಮದಲ್ಲಿ ಅವಳೊಬ್ಬಳದೇ ದನಿ ಕೇಳುವುದು ಅಷ್ಟು ಹೊತ್ತು ಮಾತ್ರ. ಈ ಬ್ಯಾಂಡಿನದು ಒಂದೇ ಒಂದು ಆಲ್ಬಮ್ಮೂ ಬಂದಿರಲಿಲ್ಲ. ಈಗ ಬರುತ್ತಿದೆ, ಮೊದಲ ಟ್ಯೂನೇ ಅದು. ಅದರಲ್ಲಿ ತಾನಿಲ್ಲವೆಂದರೆ ಇಷ್ಟು ವರ್ಷ ಆ ಬೀರು ಹೊತ್ತು ತಿರುಗಿದ್ದಕ್ಕೆ ಸಾಕ್ಷಿಯೇ ಇಲ್ಲ.

ಇನ್ನು ಅವಸರದ ಮಾತು. ಟ್ಯೂನಿನ ನಡುಭಾಗ ಮುಗಿಯುವಲ್ಲಿ ಪಿಯಾನೊ ಸುಮ್ಮನಾಗಿ ನಾಲ್ಕು ಬೀಟ್ ಕಾಯಬೇಕು, ಆಮೇಲೆ ಮೊದಲ ಸಾಲಿಗೆ ಮರಳಬೇಕು. ಹಾಗಂತ ಬರೆದವನು ಅಣ್ಣ. ಕಾಯದವನೂ ಅಣ್ಣನೇ. ಎರಡು ಬೀಟ್ ಆಗುತ್ತಲೇ ಅವನ ಎಡ ಭುಜ ಮೇಲೇಳುತ್ತದೆ, ಕೋಳಿ ರೆಕ್ಕೆ ಎತ್ತಿದ ಹಾಗೆ, ಮರುಕ್ಷಣ ಅವನು ಹಾರಿರುತ್ತಾನೆ. ಪಿಯಾನೊದ ಎಡಕ್ಕೆ ನಿಲ್ಲುವ ಕಂಬ ಆ ಭುಜ ನೋಡಿ ತಾನೂ ಹಾರುತ್ತಾಳೆ. ಭುಜ ಮೊದಲು ಏಳುವುದರಿಂದ ಅವಳ ಸ್ವರ ಅವನದ್ದಕ್ಕಿಂತ ಕೂದಲೆಳೆಯಷ್ಟು ಮುಂಚೆ ಬೀಳುತ್ತದೆ. ಅದೇ ಈಗ ಹೆಡ್‌ಫೋನಿನಲ್ಲಿ ಸಿಕ್ಕಿಬಿದ್ದಿದೆ. ಕೇಳಿದರೆ ಯಾರಿಗಾದರೂ ಅನಿಸುವುದು ಅದೇ: ತಂಗಿ ಓಡುತ್ತಾಳೆ, ಪಾಪದ ಅಣ್ಣ ಬೆನ್ನು ಹತ್ತುತ್ತಾನೆ.

ಸಂಭಾಳಿಸಿದ್ದನಂತೆ! ಅವನು! ದಾರಿಯುದ್ದಕ್ಕೂ ಸ್ಟೇರಿಂಗಿನ ಮೇಲೆ ಗುದ್ದುತ್ತ ಕಾರು ಓಡಿಸಿದಳು.

ಬ್ಯಾಂಡಿನ ಅಭ್ಯಾಸದ ಕೋಣೆ ಇದ್ದದ್ದು ಟೈರ್ ಅಂಗಡಿಯ ಮೇಲೆ. ಮೆಟ್ಟಿಲೆಲ್ಲ ರಬ್ಬರಿನ ವಾಸನೆ. ಅರ್ಧ ಮೆಟ್ಟಿಲಿನಲ್ಲಿ ಡ್ರಮ್ಮಿನವನು ಕೂತು ಚಹಾ ಹೀರುತ್ತಿದ್ದ. ಅವನಿಗೆ ಗುಡುಗು ಎಂದು ಹೆಸರು. ಹಕ್ಕಿ ಪುಕ್ಕದಲ್ಲಿ ಧೂಳು ಕೊಡವಿದ ಹಾಗೆ ಬಾರಿಸುವವನಿಗೆ ಆ ಹೆಸರಿಟ್ಟವಳು ಇವಳು. ಕಂಬ ಎಂದಿದ್ದಕ್ಕೆ ಸೇಡು.

“ಬಂದ್ಯಾ ಕಂಬಮ್ಮ. ಬೀರುನೂ ತಂದ್ಯಾ. ನಾನಿವತ್ತು ಮನೇಲೇ ಇರಬೇಕಿತ್ತು.”

“ನಿನಗೂ ಗೊತ್ತಿತ್ತಾ?”

“ಬೆಳಗ್ಗೆ ಗೊತ್ತಾಯ್ತು. ಮೇಲೊಬ್ಬ ಗಡ್ಡದವನು ಇದಾನೆ. ಒಳ್ಳೇ ಕೈ. ಕಾಗದದಲ್ಲಿ ಏನಿದೆಯೋ ಅದನ್ನೇ ನುಡಿಸ್ತಾನೆ. ಅದೇ ತೊಂದರೆ ಆಗಿರೋದು.”

“ಅಣ್ಣ ಹಾರೋದು ನಿನಗೆ ಗೊತ್ತಿಲ್ವಾ? ಹೇಳೋದಲ್ವಾ?”

“ನಾನ್ಯಾಕೆ ಹೇಳ್ಲಿ? ನಾನು ನಿನ್ನ ಕೈ ನೋಡಿ ಹಾರ್ತೀನಿ, ನೀನು ಅವನ ಭುಜ ನೋಡಿ ಹಾರ್ತೀಯ. ಅವನು ಏನು ನೋಡಿ ಹಾರ್ತಾನೆ ಅನ್ನೋದು ಮನೆಯೋರ ವಿಷಯ, ನೀನೇ ಕೇಳ್ಬೇಕು.”

“ಕೆಳಗೊಂದು ಕೈ ಹಾಕು, ಬಾ.”

“ನನಗೆ ಬೆನ್ನುನೋವು,” ಎಂದು ಗುಡುಗು ಚಹಾದ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದ. ಎಂದಿನಂತೆ ಅವಳೇ ಹೊತ್ತಳು.

ಮೇಲೆ, ಗೋಡೆಗೆಲ್ಲ ಹಳೇ ಹಾಸಿಗೆ ಬಡಿದಿದ್ದ ಆ ಕೋಣೆಯಲ್ಲಿ ಅಣ್ಣ ಪಿಯಾನೊದ ಮುಂದೆ ಗಂಟುಮುಖ ಹಾಕಿ ಕೂತಿದ್ದ. ಅವನ ಎಡಕ್ಕೆ, ಸಾಕ್ಷಾತ್ ಅವಳ ಜಾಗದಲ್ಲಿ, ಗಡ್ಡದವನು ಬೇಸ್ ಹಿಡಿದು ನಿಂತಿದ್ದ. ತಂಗಿಯನ್ನು ಕಂಡದ್ದೇ ಅಣ್ಣ ಪಿಯಾನೊದ ಕೀಲಿಮಣೆಯನ್ನು ಕರವಸ್ತ್ರದಿಂದ ಒರೆಸತೊಡಗಿದ. ತಪ್ಪು ಮಾಡಿದಾಗಲೆಲ್ಲ ಅವನಿಗೆ ಎಲ್ಲಿಲ್ಲದ ಶುಚಿತ್ವ ನೆನಪಾಗುತ್ತದೆ.

“ಓ, ನೀನಾ. ನಾನೇ ಫೋನ್ ಮಾಡೋಣ ಅಂತಿದ್ದೆ.”

“ಯಾವಾಗ? ಆಲ್ಬಮ್ ಬಂದ್ಮೇಲಾ?”

“ಕೂಗಾಡಬೇಡ ಕಣೇ. ಬೇರೆಯೋರ ಎದುರು...”

“ನಾನಿನ್ನೂ ಕೂಗೇ ಇಲ್ಲ. ಕೂಗಿದ್ರೆ ಕೆಳಗೆ ಟೈರೆಲ್ಲ ಪಂಕ್ಚರ್ ಆಗುತ್ತೆ. ಮೊದಲು ನುಡಿಸಿ, ನಾನೂ ಕೇಳ್ತೀನಿ.”

ಗುಡುಗು ಮೆಲ್ಲಗೆ ಬಂದು ಡ್ರಮ್ಮಿನ ಹಿಂದೆ ಕೂತ. ನುಡಿಸಿದರು. ಶುರುವಿನ ಆ ಒಂಟಿ ಸಾಲನ್ನು, ತನ್ನ ಸಾಲನ್ನು, ಇನ್ನೊಬ್ಬನ ಕೈಯಲ್ಲಿ ಕೇಳುವುದೆಂದರೆ ತನ್ನ ಹಲ್ಲುಜ್ಜುವ ಬ್ರಷ್ಷು ಬೇರೆಯವರ ಬಾಯಲ್ಲಿ ಕಂಡ ಹಾಗಾಯಿತು ಅವಳಿಗೆ. ಗಡ್ಡದವನು ಚೆನ್ನಾಗಿಯೇ ನುಡಿಸಿದ. ಅದು ಇನ್ನೂ ಸಿಟ್ಟು ತರಿಸಿತು. ನಡುಭಾಗ ಬಂತು, ಮುಗಿಯಿತು, ಅಣ್ಣನ ಭುಜ ಎದ್ದಿತು, ಅವನು ಹಾರಿದ. ಗಡ್ಡದವನು ಹಾರಲಿಲ್ಲ. ಪಿಯಾನೊ ಒಂದು ಕಡೆ, ಬೇಸ್ ಒಂದು ಕಡೆ. ಗುಡುಗು ಕೋಲುಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಯಾವ ಪಕ್ಷ ಸೇರುವುದೆಂದು ತಿಳಿಯದೆ ಕೂತುಬಿಟ್ಟ.

“ನೋಡಪ್ಪ, ನೀನು ಮತ್ತೆ ಹಿಂದೆ ಬಿದ್ದೆ,” ಎಂದ ಅಣ್ಣ ಗಡ್ಡದವನಿಗೆ.

“ಸರ್, ಇಲ್ಲಿ ನಾಲ್ಕು ಬೀಟ್ ಅಂತ...”

“ನಾಲ್ಕೇ! ಬರೆದೋನು ನಾನಲ್ವಾ? ನಾಲ್ಕು ಕಾದೇ ಬಂದೆ ನಾನು.”

“ಅಂದ್ರೆ ನಿನ್ನ ತಂಗಿ ಮುಂದೆ ಓಡ್ತಾಳೆ, ಇವನು ಹಿಂದೆ ಬೀಳ್ತಾನೆ,” ಎಂದ ಗುಡುಗು. “ನೀನೊಬ್ಬನೇ ಸರಿ. ನಿನ್ನ ಕಂಡ್ರೆ ಗಡಿಯಾರದ ಅಂಗಡಿಯೋರು ಕೈ ಮುಗೀಬೇಕು.”

ಅವಳಿಗೆ ಇನ್ನು ತಡೆಯಲಾಗಲಿಲ್ಲ. “ಅಣ್ಣಾ, ಹಾರೋದು ನೀನು! ಇವನೂ ಅಲ್ಲ, ನಾನೂ ಅಲ್ಲ. ಮೊದಲ ಕಾರ್ಯಕ್ರಮದಿಂದ ಹಾರ್ತಿದೀಯ. ನಾನು ನಿನ್ನ ಹಿಂದೆ ಹಾರ್ತಿದೀನಿ.”

“ನಾನಾ?” ಅಣ್ಣ ಎದೆಯ ಮೇಲೆ ಕೈ ಇಟ್ಟುಕೊಂಡ. “ಹೆಡ್‌ಫೋನಲ್ಲಿ ಕೇಳಿದೀನಮ್ಮ. ನೀನು ಮೊದಲು ಬರ್ತೀಯ.”

“ಸರಿ, ಜಾಗ ಬಿಡಪ್ಪ,” ಎಂದು ಗಡ್ಡದವನನ್ನು ಸರಿಸಿ ಅವಳು ತನ್ನ ಬೇಸನ್ನು ಚೀಲದಿಂದ ಬಿಡಿಸಿದಳು. “ಬರೆದ ಹಾಗೆ ನಾಲ್ಕು ಬೀಟ್ ಕಾಯ್ತೀನಿ. ಅಲ್ಲಾಡಲ್ಲ. ಯಾರು ಬೀಳ್ತಾರೋ ನೋಡೇಬಿಡೋಣ.”

ನುಡಿಸಿದರು. ನಡುಭಾಗ ಬಂತು. ಸವಾಲು ಹಾಕಿಸಿಕೊಂಡ ಅಣ್ಣ ಈ ಸಲ ತುಟಿ ಅಲ್ಲಾಡಿಸುತ್ತ ಒಂದು, ಎರಡು ಎಂದು ಎಣಿಸುತ್ತ ಕೂತಿದ್ದ. ಎರಡಕ್ಕೆ ಸರಿಯಾಗಿ, ಅವನಿಗೇ ಗೊತ್ತಿಲ್ಲದಂತೆ, ಎಡ ಭುಜ ಎದ್ದಿತು. ಬೆರಳು ಮಾತ್ರ ಏಳಲಿಲ್ಲ. ಭುಜ ಎದ್ದದ್ದೇ ತಡ, ಅವಳ ಕೈ ಹಾರಿತು. ಒಂದೇ. ಒಂಟಿಯಾಗಿ. ಖಾಲಿ ಕೋಣೆಯಲ್ಲಿ ಬೀರು ಬಿದ್ದ ಹಾಗೆ ಆ ಸ್ವರ ಢಂ ಎಂದಿತು.

ಅಣ್ಣ ಉಳಿದೆರಡು ಬೀಟುಗಳನ್ನು ಮರ್ಯಾದೆಯಾಗಿ ಕಾದು, ಮೊದಲ ಸಾಲಿಗೆ ಮರಳಿ, ನಿಲ್ಲಿಸಿ, ತಿರುಗಿ ನೋಡಿದ. ಆ ಮುಖದ ಮೇಲಿದ್ದ ಕರುಣೆಯನ್ನು ಕಂಡು ಅವಳಿಗೆ ಬೇಸನ್ನು ಎತ್ತಿ ಅವನ ತಲೆಯ ಮೇಲೆ ಹಾಕಿಬಿಡೋಣ ಅನಿಸಿತು.

“ಪರವಾಗಿಲ್ಲ ಬಿಡು,” ಎಂದ ಅಣ್ಣ. “ವಯಸ್ಸಾಗ್ತಾ ಎಲ್ಲರಿಗೂ ಆಗುತ್ತೆ.”

“ನನಗಿಂತ ದೊಡ್ಡೋನು ನೀನು! ಇನ್ನೊಂದ್ಸಲ.”

ಇನ್ನೊಂದು ಸಲವೂ ಅದೇ ಆಯಿತು. ಮತ್ತೊಂದು ಸಲವೂ. ತಲೆ ಬೇಡವೆನ್ನುತ್ತಿತ್ತು, ಕೈ ಕೇಳುತ್ತಿರಲಿಲ್ಲ. ಕಂಬ ತನ್ನ ಕೈಯನ್ನೇ ನೋಡಿದಳು. ಇಷ್ಟು ವರ್ಷ ಅವನ ತಪ್ಪನ್ನು ಮುಚ್ಚಿ ಮುಚ್ಚಿ ಈಗ ಅದು ಇವಳ ಬೆರಳಿಗೇ ಅಂಟಿಕೊಂಡಿತ್ತು. ಇನ್ನು ಯಾವ ಬಾಯಲ್ಲಿ ಜಗಳವಾಡುವುದು? ಕಣ್ಣು ತುಂಬಿ ಬಂತು; ಸಿಟ್ಟಿಗೋ ನಾಚಿಕೆಗೋ ಅವಳಿಗೇ ತಿಳಿಯಲಿಲ್ಲ.

ಮೂಲೆಯಲ್ಲಿದ್ದ ಗಡ್ಡದವನು ಕೆಮ್ಮಿದ. “ಮೇಡಂ, ನೀವು ಪಿಯಾನೊ ಕೇಳಿ ಹಾರ್ತಿಲ್ಲ. ನೋಡಿ ಹಾರ್ತಿದೀರ. ಸರ್ ಭುಜ ಎತ್ತಿದ ತಕ್ಷಣ.”

“ಯಾರ ಭುಜ?” ಎಂದ ಅಣ್ಣ.

ಕಂಬ ಬೇಸನ್ನು ಗಿರಕಿ ಹೊಡೆಸಿ, ಎಲ್ಲರಿಗೂ ಬೆನ್ನು ಹಾಕಿ, ಗೋಡೆಯ ಹಾಸಿಗೆಗೆ ಮುಖ ಮಾಡಿ ನಿಂತಳು. “ನುಡಿಸು,” ಎಂದಳು.

“ಗೋಡೆ ನೋಡ್ಕೊಂಡಾ?”

“ಗೋಡೆಗೆ ಭುಜ ಇಲ್ಲ. ನುಡಿಸು.”

ಹಾಸಿಗೆಯ ಮೇಲೆ ಯಾವ ಕಾಲದ್ದೋ ಚಹಾದ ಕಲೆಯಿತ್ತು. ಅದರ ಮೇಲೆ ಕಣ್ಣು ನೆಟ್ಟು ಅವಳು ಬಸ್ಸನ್ನು ದೂರದಿಂದ ಕರೆತಂದಳು. ಅವಳ ಕೈ ಕಾಣದ ಗುಡುಗು ವಿಧಿಯಿಲ್ಲದೆ ಬಾಯಲ್ಲೇ ಎಣಿಸತೊಡಗಿದ. ಮೂರು ಸಲ ಗೆದ್ದಿದ್ದ ಅಣ್ಣನಿಗೆ ಈಗ ಎಣಿಸುವ ಗೋಜಿರಲಿಲ್ಲ. ಹಾಯಾಗಿ, ಮನಸ್ಸು ಬಿಚ್ಚಿ ನುಡಿಸುತ್ತಿದ್ದ. ನಡುಭಾಗ ಮುಗಿಯಿತು. ಒಂದು. ಎರಡು. ಪಿಯಾನೊ ಹಾರಿತು. ಬೇಸ್ ಹಾರಲಿಲ್ಲ. ಮೂರು, ಎಂದ ಗುಡುಗು. ನಾಲ್ಕು, ಎಂದ. ಕಂಬ ನಿಧಾನವಾಗಿ, ನಿಲ್ದಾಣಕ್ಕೆ ಬರುವಂತೆ, ಮೊದಲ ಸಾಲಿಗೆ ಬಂದಳು. ಅಷ್ಟರಲ್ಲಿ ಪಿಯಾನೊ ಎಡವಿ, ತಡವರಿಸಿ, ನಿಂತೇಹೋಗಿತ್ತು.

ಕೆಳಗಡೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.

“ನಾನೇನಾ?” ಎಂದ ಅಣ್ಣ.

ಅವನು ತನ್ನ ಎಡ ಭುಜವನ್ನು ಬಲಗೈಯಿಂದ ಮುಟ್ಟಿ ನೋಡಿಕೊಂಡ, ಅದು ಇನ್ನೊಬ್ಬರದ್ದೇನೋ ಎಂಬಂತೆ.

“ಮೊದಲಿಂದಾನಾ?”

“ಮೊದಲ ಕಾರ್ಯಕ್ರಮದಿಂದ. ನೀನು ಗಾಬರೀಲಿ ಹಾರಿಬಿಟ್ಟೆ.” ಕಂಬ ಇನ್ನೂ ಗೋಡೆಯ ಕಡೆಗೇ ಮಾತಾಡುತ್ತಿದ್ದಳು. “ನಾನೂ ಹಾರಿದೆ. ನೀನು ತಿರುಗಿ ನನ್ನ ನೋಡಿ ನಕ್ಕೆ. ಮಾರನೇ ದಿನ ಹೇಳೋಣ ಅಂತಲೇ ಇದ್ದೆ. ‘ಎಷ್ಟು ಚೆನ್ನಾಗಿ ಬಂತಲ್ವೇನೇ’ ಅಂತ ನೀನು ಮನೆಯೆಲ್ಲ ಕುಣೀತಿದ್ದೆ. ಹೇಗೆ ಹೇಳ್ಲಿ?”

“ಅಲ್ಲ, ಆಮೇಲಾದ್ರೂ ಹೇಳಬಹುದಿತ್ತಲ್ಲ! ಇಷ್ಟು ವರ್ಷ ನನ್ನ ಮಂಗ ಮಾಡಿದ್ಯಲ್ಲೇ!”

ಅವಳು ಗಿರ್ರನೆ ತಿರುಗಿದಳು. “ನಾನು ನಿನ್ನ ಮಂಗ ಮಾಡಿದ್ನಾ? ಕೇಳಿಸ್ಕೊಂಡ್ಯಾ ಗುಡುಗಪ್ಪ? ತಪ್ಪು ಅವನದು, ಕೆಟ್ಟ ಹೆಸರು ನನಗೆ, ಬೈಗುಳಾನೂ ನನಗೇ! ನನ್ನನ್ನ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಅತ್ತಿಗೆ ಫೋನ್ ಮಾಡದೇ ಇದ್ದಿದ್ರೆ...” ಎಂದವಳು ನಾಲಿಗೆ ಕಚ್ಚಿಕೊಂಡಳು.

“ಓಹೋ, ಅವಳಾ,” ಎಂದ ಅಣ್ಣ. ಆದರೆ ಆ ದನಿಯಲ್ಲಿ ಗಾಳಿಯಿರಲಿಲ್ಲ. ತಲೆ ತಗ್ಗಿಸಿ ಕೂತ. ಕರವಸ್ತ್ರ ತೆಗೆದ. ಪಿಯಾನೊ ಒರೆಸಲಿಲ್ಲ, ಮುಖ ಒರೆಸಿಕೊಂಡ. “ಹಾಗಾದ್ರೆ ಎಲ್ಲ ಕಡೆನೂ ತಪ್ಪು ನುಡಿಸ್ಕೊಂಡು ಬಂದಿದೀವಿ ಅನ್ನು.”

“ಒಂದು ಮಾತು ಹೇಳ್ಲಾ ಸರ್?” ಗಡ್ಡದವನು ತನ್ನ ಬೇಸ್‌ಗೆ ಚೀಲ ತೊಡಿಸುತ್ತಿದ್ದ. “ಆ ಹೋಟೆಲ್ ರೆಕಾರ್ಡಿಂಗ್ ನಾನೂ ಕೇಳಿದೀನಿ. ಆ ಹಾರೋ ಜಾಗ ಬಂದಾಗ ನನಗೆ ರೋಮಾಂಚನ ಆಯ್ತು. ಬಸ್ಸು ಉಬ್ಬು ಹತ್ತಿ ಇಳಿದ ಹಾಗೆ, ಹೊಟ್ಟೆ ಒಂದು ಕ್ಷಣ ಮೇಲೆ ಬಂದುಬಿಡುತ್ತಲ್ಲ, ಹಾಗೆ. ಬರೆದ ಹಾಗೆ ನುಡಿಸಿದ್ರೆ ಬಸ್ಸು ಸಿಗ್ನಲ್ಲಲ್ಲಿ ನಿಂತ್ಕೊಂಡಿರುತ್ತೆ ಅಷ್ಟೇ. ನಾನಂತೂ ಹಾಗೆ ಹಾರಲಾರೆ. ಅದಕ್ಕೆ ನಿಮ್ಮ ಭುಜ ನೋಡ್ಕೊಂಡೇ ಬೆಳೆದಿರಬೇಕು.”

ಅಣ್ಣ ಕಾಗದವನ್ನೇ ದಿಟ್ಟಿಸಿದ. ಪಿಯಾನೊ ಮೇಲಿದ್ದ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡ, ತೆಗೆದ, ಮತ್ತೆ ಸಿಕ್ಕಿಸಿಕೊಂಡ. ಕೊನೆಗೆ ಬಾಗಿ ನಾಲ್ಕರಲ್ಲಿ ಎರಡು ಬೀಟನ್ನು ಗೀಚಿ ಹೊಡೆದುಹಾಕಿದ.

“ನನಗೊಂದು ಐಡಿಯಾ ಹೊಳೀತು,” ಎಂದ. “ಇಲ್ಲಿ ಎರಡೇ ಬೀಟ್ ಇಟ್ರೆ ಹೇಗೆ?”

ಗುಡುಗು ಡ್ರಮ್ಮಿನ ಮೇಲೆ ಹಣೆ ಇಟ್ಟುಕೊಂಡು ನಕ್ಕ. ಕಂಬ ನಗಬೇಕೋ ಅಣ್ಣನ ಜುಟ್ಟು ಹಿಡಿಯಬೇಕೋ ತಿಳಿಯದೆ ಬೇಸಿನ ಕತ್ತನ್ನೇ ಹಿಸುಕಿದಳು. “ಐಡಿಯಾ ಹೊಳೀತಂತೆ! ನಿನಗೆ!”

“ಅಲ್ವಾ ಮತ್ತೆ?” ಎಂದ ಅಣ್ಣ. ಆದರೆ ಕಣ್ಣೆತ್ತಿ ನೋಡಲಿಲ್ಲ. ಕಿವಿಗಳೆರಡೂ ಕೆಂಪಾಗಿದ್ದವು. “ನಾಳೆ ನೀನು ಖಾಲಿ ಇದೀಯಾ?”

“ನೋಡಿ ಹೇಳ್ತೀನಿ.”

“ಅಲ್ಲ ಕಣೇ...”

“ನನ್ನ ಬೆನ್ನ ಹಿಂದೆ ಬೇರೆಯೋರನ್ನ ಕರೆಸಿದೀಯ. ನೋಡಿ ಹೇಳ್ತೀನಿ ಅಂದೆ.”

ಅವಳು ಬೇಸ್‌ಗೆ ಚೀಲ ತೊಡಿಸಿದಳು, ಜಿಪ್ಪು ಎಳೆದಳು, ಜಿಪ್ಪು ಅರ್ಧಕ್ಕೆ ಕಚ್ಚಿಕೊಂಡಿತು, ಅದನ್ನೂ ಬೈದಳು. ಮೆಟ್ಟಿಲ ಬಳಿ ಬಂದು, ಬೇಸನ್ನು ಎದೆಗೊರಗಿಸಿ, ಮೊದಲ ಮೆಟ್ಟಿಲಿಗೆ ಕಾಲು ಹುಡುಕುತ್ತಿದ್ದಾಗ ಭಾರ ಇದ್ದಕ್ಕಿದ್ದಂತೆ ಹಗುರಾಯಿತು. ಅಣ್ಣ ಅವಳನ್ನು ದಾಟಿ ಎರಡು ಮೆಟ್ಟಿಲು ಕೆಳಗಿಳಿದು ಬೇಸಿನ ಹೊಟ್ಟೆಗೆ ಕೈ ಕೊಟ್ಟಿದ್ದ. ಪಿಯಾನೊದವರು ಎಂದೂ ಏನನ್ನೂ ಹೊರುವುದಿಲ್ಲ; ಅವರು ಹೋದಲ್ಲೆಲ್ಲ ಪಿಯಾನೊ ಮೊದಲೇ ಇರುತ್ತದೆ. ಇದು ಅವನಿಗೆ ಮೊದಲನೇ ಸಲ.

“ಅಯ್ಯಪ್ಪಾ!” ಎಂದ. “ಇಷ್ಟು ಭಾರ ಇದೆಯಾ ಇದು?”

“ಹ್ಞೂಂ. ಮೊದಲಿಂದ.”

ಏದುಸಿರು ಬಿಡುತ್ತ, ಗೋಡೆಗೆ ತಾಗಿಸುತ್ತ, ಅವಳಿಂದ ಬೈಸಿಕೊಳ್ಳುತ್ತ ಅವನು ಕೊನೆಯ ಮೆಟ್ಟಿಲಿನವರೆಗೂ ಹಿಮ್ಮುಖವಾಗಿ ಇಳಿದ. ಟೈರುಗಳ ನಡುವೆ ನಿಂತು ಬೆವರು ಒರೆಸಿಕೊಂಡ.

“ನಾಳೆ ಹತ್ತಕ್ಕೆ ಸ್ಟುಡಿಯೊ. ಮೂರನೇ ಮಹಡಿ. ಲಿಫ್ಟಿದೆ, ಕೆಟ್ಟಿದೆಯಂತೆ.”

“ಮತ್ತೆ?”

“ಮತ್ತೇನು, ಒಂಬತ್ತೂವರೆಗೆ ಬಾಗಿಲಲ್ಲಿ ನಿಂತಿರ್ತೀನಿ. ಕೆಳಗೆ ನಾನು ಹಿಡ್ಕೋತೀನಿ.”

ಕಂಬ ಅವನ ಮುಖ ನೋಡಿದಳು, ಆಮೇಲೆ ಅವನ ಎಡ ಭುಜ ನೋಡಿದಳು.

“ಒಂಬತ್ತೂವರೆ ಅಂದ್ರೆ ಒಂಬತ್ತೂವರೆ,” ಎಂದಳು. “ನೀನು ಮುಂಚೆ ಬಂದುಬಿಟ್ಟು, ನಾನೇ ತಡ ಮಾಡಿದೆ ಅನ್ನಬೇಡ.”